ಮಿಲ್ಟನ್ ಬೇಸ್‌ಮೆಂಟಿನ ಸುಪ್ರೀಂ ಕೋರ್ಟು

ಅಮೆರಿಕದ ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶರನ್ನು ಯಾರು ನೇಮಿಸುತ್ತಾರೆ ಅಂತ ಯಾರನ್ನಾದರೂ ಕೇಳಿ ನೋಡಿ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಒಪ್ಪಿಗೆ ಕೊಡುತ್ತದೆ ಅನ್ನುತ್ತಾರೆ. ಪುಸ್ತಕದಲ್ಲೂ ಹಾಗೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಪುಸ್ತಕ ಬರೆದವರಿಗೆ ನಮ್ಮ ಮಾವನ ವಿಷಯ ಗೊತ್ತಿಲ್ಲವಲ್ಲ! ಕೆನಡಾದ ಮಿಲ್ಟನ್ ಎಂಬ ಊರಿನ ಒಂದು ಬೇಸ್‌ಮೆಂಟಿನಲ್ಲಿ, ಹಿಂದಕ್ಕೆ ಬಾಗುವ ಒಂದು ಹಳೇ ಕುರ್ಚಿಯಲ್ಲಿ, ಕಾಲಿಗೆ ಎರಡೆರಡು ಜೊತೆ ಉಣ್ಣೆಯ ಕಾಲುಚೀಲ ಏರಿಸಿಕೊಂಡು ಕೂತ ನಮ್ಮ ಮಾವ "ಆಗ್ಬಹುದು" ಅನ್ನುವ ತನಕ ಯಾವ ನೇಮಕವೂ ಆದ ಹಾಗಲ್ಲ. 2016ರಿಂದ 2018ರೊಳಗೆ ಮೂರು ಹೆಸರುಗಳು ಅವರ ಮುಂದೆ ಬಂದವು. ಮೊದಲನೆಯವರಿಗೆ ಮಾವ ಕೂಡಲೇ ಒಪ್ಪಿಗೆ ಕೊಟ್ಟರು, ಸೆನೆಟ್ ಕೊಡಲಿಲ್ಲ. ಇನ್ನಿಬ್ಬರನ್ನು ಮಾವ ತಿರಸ್ಕರಿಸಿದರು, ಸೆನೆಟ್ ಕೇಳಲಿಲ್ಲ. ಇದರಿಂದ ಮಾವನ ಅಧಿಕಾರ ಕಡಿಮೆಯಾಯಿತೇ? ಇಲ್ಲ. ಸೆನೆಟ್ಟಿನ ಮರ್ಯಾದೆ ಕಡಿಮೆಯಾಯಿತು, ಅಷ್ಟೆ. ಹೀಗೆಂದು ತೀರ್ಪು ಕೊಟ್ಟವರೂ ಮಾವನೇ!

ಮಾವ ಅಂದರೆ ನನ್ನ ಗಂಡನ ಸೋದರಮಾವ. ಕಾರ್ಕಳದ ಕಡೆಯವರು. ಹೆಂಡತಿಯ, ಅಂದರೆ ನಮ್ಮ ಅತ್ತೆಯ, ಜೊತೆ ತುಳು, ನನ್ನ ಜೊತೆ ಮಂಗಳೂರು ಕನ್ನಡ, ಟಿವಿಯ ಜೊತೆ ಇಂಗ್ಲಿಷು. ನಾನು ಮೈಸೂರಿನವಳು. ಮದುವೆಯಾಗಿ ಬಂದ ಹೊಸತರಲ್ಲಿ ಅವರು "ಎಂತ ಮಾರಾಯ್ತಿ" ಅಂದಾಗಲೆಲ್ಲ ಅದು ಬೈಗುಳವೋ ಅಕ್ಕರೆಯೋ ತಿಳಿಯದೆ ನಾನು ಒಂದು ವರ್ಷ ಸುಮ್ಮನೆ ನಕ್ಕುಬಿಟ್ಟಿದ್ದೇನೆ. ಆಮೇಲೆ ಗೊತ್ತಾಯಿತು, ಎರಡೂ ಹೌದು.

ನಮ್ಮ ಮನೆ ಸ್ಟ್ರೀಟ್ಸ್‌ವಿಲ್‌ನಲ್ಲಿ. ಅಲ್ಲಿಂದ ಮಾವನ ಮನೆಗೆ ಕಾರಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಹಾಗಾಗಿ ಅವರ ಕೋರ್ಟಿನ ಕಲಾಪಗಳಿಗೆಲ್ಲ ನಾನೇ ಪ್ರತ್ಯಕ್ಷ ಸಾಕ್ಷಿ.

ಮಾವ ಒಂದು ಕಾಲದಲ್ಲಿ ವಕೀಲರು. ಎಷ್ಟು ಕಾಲ ಅಂತ ಕೇಳಬಾರದು. ಕೇಳಿದರೆ "ಕಾರ್ಕಳ ಬಾರ್‌ನಲ್ಲಿ ಇದ್ದೆ" ಅಂತ ಮಾತು ತಿರುಗಿಸುತ್ತಾರೆ. ಅತ್ತೆ ಮಾತ್ರ ಅಡುಗೆಮನೆಯಿಂದಲೇ "ಹನ್ನೊಂದು ತಿಂಗಳು" ಅಂತ ಕೂಗಿ ಹೇಳುತ್ತಾರೆ. ಆ ಹನ್ನೊಂದು ತಿಂಗಳಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಕೇಸು. ಒಬ್ಬರ ತೆಂಗಿನಮರ ಪಕ್ಕದವರ ಹಿತ್ತಲಿಗೆ ವಾಲಿದ ಕೇಸು. ಮಾವ ಹಗಲೂ ರಾತ್ರಿ ಓದಿ, ವಾದವನ್ನು ಬಾಯಿಪಾಠ ಮಾಡಿ, ಕನ್ನಡಿಯ ಮುಂದೆ ಮೂರು ಸಲ ಗೆದ್ದು ಕೋರ್ಟಿಗೆ ಹೋದರೆ, ಮುಂದಿನ ತಾರೀಕು! ಮತ್ತೆ ಹೋದರೆ ಮತ್ತೆ ತಾರೀಕು. ಅಷ್ಟರಲ್ಲಿ ನರ್ಸ್ ಆಗಿದ್ದ ಅತ್ತೆಗೆ ಇಲ್ಲಿಯ ಕೆಲಸ ಸಿಕ್ಕಿತು, ಇಬ್ಬರೂ ವಿಮಾನ ಹತ್ತಿದರು. ಇಲ್ಲಿ ವಕೀಲಿ ಮಾಡಬೇಕೆಂದರೆ ಮತ್ತೆ ಓದು, ಮತ್ತೆ ಪರೀಕ್ಷೆ. ಮಗಳು ಹುಟ್ಟಿದಳು, ಮನೆ ಕೊಂಡರು, ಪರೀಕ್ಷೆ ಮುಂದಕ್ಕೆ ಹೋಯಿತು. ಮಾವ ಒಂದು ವೇರ್‌ಹೌಸಿನಲ್ಲಿ ಲಾರಿಗಳ ವೇಳೆ ನಿಗದಿ ಮಾಡುವ ಕೆಲಸಕ್ಕೆ ಸೇರಿ ಅಲ್ಲೇ ಸೂಪರ್‌ವೈಸರ್ ಆದರು. ಈಗಲೂ ಲಾರಿ ತಡವಾದರೆ ಡ್ರೈವರುಗಳಿಗೆ "ಯು ಆರ್ ಅಡ್ಜರ್ನ್‌ಡ್ ಟಿಲ್ ಟ್ಯೂಸ್‌ಡೇ" ಅನ್ನುತ್ತಾರಂತೆ. ಪಂಜಾಬಿ ಡ್ರೈವರುಗಳು "ಜೀ, ಜಡ್ಜ್ ಸಾಬ್" ಅಂತ ಸಲ್ಯೂಟ್ ಹೊಡೆಯುತ್ತಾರೆ. ಮಾವನಿಗೆ ಅದು ತಮಾಷೆ ಅಂತ ಗೊತ್ತು. ಆದರೂ ಖುಷಿ.

ಕೋರ್ಟಿನ ಹುಚ್ಚು ಅಷ್ಟಿದ್ದರೆ ಕೆನಡಾದ ಸುಪ್ರೀಂ ಕೋರ್ಟನ್ನೇ ನೋಡಬಾರದೇ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ.

"ಅದೆಂತ ನೋಡುದು ಮಾರಾಯ್ತಿ? ಪ್ರಧಾನಿ ಹೆಸರು ಹೇಳ್ತಾರೆ, ಆಯ್ತು, ಬಂದು ಕೂತ್ಕೊಳ್ತಾರೆ. ಒಂದು ಬೊಬ್ಬೆ ಉಂಟಾ? ಒಂದು ಗಲಾಟೆ ಉಂಟಾ? ಕೆಂಪು ಅಂಗಿ, ಬಿಳಿ ತುಪ್ಪಳ ಹಾಕಿ ಸಾಲಾಗಿ ನಿಂತ್ರೆ ಕ್ರಿಸ್‌ಮಸ್ ತಾತಂದಿರ ಹಾಗೆ ಕಾಣ್ತಾರೆ!"

ಅವರ ಮಗಳು ಮೆಟ್ಟಿಲ ಮೇಲಿನಿಂದ, "ಅಪ್ಪಾ, ಅಮೆರಿಕಾ ಇಸ್ ನಾಟ್ ಈವನ್ ಅವರ್ ಕಂಟ್ರಿ!" ಅಂದಳು.

"ಪಕ್ಕದ ಮನೆ ಜಗಳ ಕೇಳ್ಲಿಕ್ಕೆ ಪಕ್ಕದ ಮನೆಯವ ಆಗ್ಬೇಕಾ?" ಅಂದರು ಮಾವ.

ಈ ಪಕ್ಕದ ಮನೆಯ ಜಗಳದಲ್ಲಿ ಅವರ ಜೊತೆಗಾರರು ಪಿಕರಿಂಗ್‌ನ ರಾಯರು. ಇವರ ವಿಷಯ ಸ್ವಲ್ಪ ಹೇಳಲೇಬೇಕು. ರಾಯರು ಬೆಂಗಳೂರಿನವರು, ಎಂಜಿನಿಯರು. ಪಿಕರಿಂಗ್‌ನ ಅಣುಸ್ಥಾವರದಲ್ಲಿ ದುಡಿದು ನಿವೃತ್ತರಾದವರು. ಇಬ್ಬರೂ ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದರು. ಪರಿಚಯ ಆಗಿದ್ದು ನೆಲಮಾಳಿಗೆಯ ಲಾಂಡ್ರಿ ರೂಮಿನಲ್ಲಿ. ಬಟ್ಟೆ ಒಣಗಿಸುವ ಯಂತ್ರ ಮಾವನ ಹೊಸ ಸ್ವೆಟರನ್ನು ಮಗುವಿನ ಅಳತೆಗೆ ಕುಗ್ಗಿಸಿ ಕೊಟ್ಟಿತ್ತು. ಮಾವ ಯಂತ್ರದ ಎದುರು ನಿಂತು ಅದರ ಕುಲಗೋತ್ರ ಎಲ್ಲ ಎತ್ತಿ ಬೈಯುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತಂತೆ: "ಸಾರ್, ಬೈಯೋದಾದ್ರೆ ಬೆಂಗಳೂರು ಕನ್ನಡದಲ್ಲಿ ಬೈರಿ. ನಿಮ್ ಕಡೆ ಬೈಗುಳ ಅದಕ್ಕೆ ಸಂಗೀತ ಕೇಳ್ದಂಗೆ ಕೇಳ್ತಿದೆ."

ಅಲ್ಲಿಂದ ಶುರು. ಆಮೇಲೆ ಒಬ್ಬರು ಪಶ್ಚಿಮಕ್ಕೆ ಮಿಲ್ಟನ್ನಿಗೆ ಹೋದರು, ಇನ್ನೊಬ್ಬರು ಪೂರ್ವಕ್ಕೆ ಪಿಕರಿಂಗ್‌ಗೆ. ನಡುವೆ ಇಡೀ ಟೊರಾಂಟೊ. ಆದರೆ ಇಪ್ಪತ್ತು ವರ್ಷ, ಸಂಜೆ ಏಳು ಗಂಟೆಗೆ ಫೋನು ತಪ್ಪಿದ್ದಿಲ್ಲ. ಫೋನೆಂದರೆ ಕುಶಲ ಕೇಳುವ ಫೋನಲ್ಲ. ಜಗಳದ ಫೋನು! ಸಾರಿಗೆ ತೆಂಗಿನಕಾಯಿ ಹಾಕಬೇಕೋ ಬೇಡವೋ, ಹಿಮ ತೆಗೆಯುವಾಗ ಗೇಟಿನಿಂದ ಮನೆಗೆ ಬರಬೇಕೋ ಮನೆಯಿಂದ ಗೇಟಿಗೆ ಹೋಗಬೇಕೋ, ಎಲ್ಲದಕ್ಕೂ ವಾದ ಪ್ರತಿವಾದ. ರಾಯರು ಮಾವನನ್ನು ಕರೆಯುವುದೇ "ವಕೀಲ್ರೇ" ಅಂತ. ಈ ದೇಶದಲ್ಲಿ ಮಾವನನ್ನು ಹಾಗೆ ಕರೆಯುವವರು ಅವರೊಬ್ಬರೇ. ಅತ್ತೆ ಹೇಳುತ್ತಿದ್ದರು: "ಇವರಿಬ್ಬರು ಜಗಳ ಮಾಡ್ತಾ ಇದ್ದರೆ ನನಗೆ ನೆಮ್ಮದಿ. ಮನೆಯಲ್ಲಿ ಯಾರ ಹತ್ರವೂ ಜಗಳ ಮಾಡುದಿಲ್ಲ ಅಲ್ವಾ!"

ಹೀಗಿರುವಾಗ 2016 ಬಂತು. ಆ ಚಳಿಗಾಲದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಮೂರ್ತಿ ತೀರಿಕೊಂಡರು. ಅಧ್ಯಕ್ಷರು ಆ ಜಾಗಕ್ಕೆ ಒಬ್ಬರ ಹೆಸರು ಸೂಚಿಸಿದರು. ಆದರೆ ಅದು ಅಧ್ಯಕ್ಷರ ಕೊನೆಯ ವರ್ಷ, ಸೆನೆಟ್ಟಿನಲ್ಲಿ ಎದುರು ಪಕ್ಷದ ಬಹುಮತ. ಚುನಾವಣೆ ಆಗಲಿ, ಹೊಸಬರು ಬಂದು ನೇಮಿಸಲಿ, ಅಲ್ಲಿಯವರೆಗೆ ಈ ಮನುಷ್ಯರಿಗೆ ವಿಚಾರಣೆಯನ್ನೇ ಕೊಡುವುದಿಲ್ಲ ಅಂದುಬಿಟ್ಟರು. ಬೇಡ ಅಂತ ತಿರಸ್ಕರಿಸುವುದೂ ಇಲ್ಲ, ಬೇಕು ಅಂತ ಕರೆಯುವುದೂ ಇಲ್ಲ. ಕಾಯಿರಿ!

ಮಾವ ಕೆರಳಿ ಕೆಂಡವಾದರು.

"ಬೇಡದಿದ್ರೆ ಕರೆದು ಕೂರಿಸಿ, ಪ್ರಶ್ನೆ ಕೇಳಿ, ಬೇಡ ಅಂತ ಹೇಳ್ಲಿ. ಕರೀದೇ ಇರುದು ಅಂದ್ರೆ ಎಂತ? ಹಿಯರಿಂಗ್ ಕೊಡುದಿಲ್ಲ ಅಂದ್ರೆ ಎಂತ?"

ರಾಯರು ಎದುರು ಪಕ್ಷ. ಮೊದಲಿನಿಂದ ಆ ಪಕ್ಷದವರೋ ಅಥವಾ ಮಾವ ಈ ಕಡೆ ಅಂತ ಗೊತ್ತಾದ ಮೇಲೆ ಆ ಕಡೆ ಹೋದರೋ ದೇವರಿಗೇ ಗೊತ್ತು. "ಜನ ತೀರ್ಮಾನ ಮಾಡ್ಲಿ ಕಣ್ರೀ ವಕೀಲ್ರೇ. ಹೋಗೋರು ಯಾಕ್ರೀ ನೇಮಕ ಮಾಡ್ಬೇಕು? ಬಾಡಿಗೆ ಮನೆ ಖಾಲಿ ಮಾಡೋರು ಗೋಡೆಗೆ ಬಣ್ಣ ಹೊಡೀತಾರಾ?" ಅಂದರು ಫೋನಿನಲ್ಲಿ. ಏಳು ಗಂಟೆಯ ಫೋನು ಎಂಟೂವರೆಯವರೆಗೆ ಬೆಳೆಯಿತು. ಇಬ್ಬರಿಗೂ ಅಲ್ಲಿ ಓಟಿಲ್ಲ, ಮನೆಯಿಲ್ಲ. ರಾಯರು ಅಮೆರಿಕ ಅಂತ ನೋಡಿದ್ದು ಬಫೆಲೊದ ಒಂದು ಮಾಲು. ಮಾವ ನೋಡಿದ್ದು ನಯಾಗರದ ಈ ದಡದಿಂದ ಕಾಣುವಷ್ಟು!

ಬೇಸಿಗೆ ಬಂದರೂ ಆ ನ್ಯಾಯಾಧೀಶರಿಗೆ ಕರೆ ಬರಲಿಲ್ಲ. ಒಂದು ದಿನ ಮಾವ ನಮಗೆಲ್ಲ ಫೋನ್ ಮಾಡಿ, "ಸೆನೆಟ್ ಕೊಡದಿದ್ರೆ ನಾನು ಕೊಡ್ತೇನೆ. ಭಾನುವಾರ ಮಧ್ಯಾಹ್ನ ನಮ್ಮ ಬೇಸ್‌ಮೆಂಟಲ್ಲಿ ಹಿಯರಿಂಗ್. ಬರುವಾಗ ಒಂದೊಂದು ಐಟಮ್ ಮಾಡ್ಕೊಂಡು ಬನ್ನಿ" ಅಂದರು. ವಿಚಾರಣೆಗೆ ಪಾಟ್‌ಲಕ್ ಇಟ್ಟ ಏಕೈಕ ನ್ಯಾಯಾಲಯ ಇದೇ ಇರಬೇಕು.

ಹೋಗದೆ ಇರಲು ಸಾಧ್ಯವೇ? ಐದಾರು ಸಂಸಾರ ಸೇರಿತು. ಪಿಂಗ್‌ಪಾಂಗ್ ಟೇಬಲ್ಲೇ ನ್ಯಾಯಪೀಠ. ಸುತ್ತಿಗೆಯ ಬದಲು ಅತ್ತೆಯ ಲಟ್ಟಣಿಗೆ. ಎದುರಿಗೆ ಒಂದು ಖಾಲಿ ಕುರ್ಚಿ, ಅದು ವಾಷಿಂಗ್ಟನ್ನಿನ ಆ ನ್ಯಾಯಾಧೀಶರಿಗೆ. ಕುರ್ಚಿಯ ಪಕ್ಕ ಒಂದು ಲೋಟ ನೀರು ಕೂಡ ಇಟ್ಟಿದ್ದರು! ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಗಂಟಲು ಸರಿಮಾಡಿ, ಹಾಳೆ ತೆಗೆದರು. ನಾವು ನಗು ತಡೆದುಕೊಂಡು ಕೂತೆವು. ಆದರೆ ಆ ಹಾಳೆಯ ಎರಡೂ ಬದಿ ತುಂಬ ಅವರೇ ಬರೆದ ಪ್ರಶ್ನೆಗಳಿದ್ದವು. ಅದನ್ನು ನೋಡಿದ ಮೇಲೆ ನನಗೆ ನಗು ಬರಲಿಲ್ಲ.

ರಾಯರು ಎದ್ದರು. "ಸ್ವಾಮಿ, ಇದು ಎಲೆಕ್ಷನ್ ವರ್ಷ. ಹಿಯರಿಂಗ್ ಇಲ್ಲ. ಊಟ ಬಡಿಸಿ!"

ಎಲ್ಲರೂ ಹೋ ಅಂದರು. ಅರ್ಧ ಜನ "ಹಿಯರಿಂಗ್, ಹಿಯರಿಂಗ್" ಅಂತ ಕೂಗಿದರು, ಇನ್ನರ್ಧ "ಊಟ, ಊಟ" ಅಂತ ಕೂಗಿದರು. ಅಮೆರಿಕದ ಎರಡು ಪಕ್ಷಗಳು ನಮ್ಮ ಬೇಸ್‌ಮೆಂಟಿನಲ್ಲಿ ಹೀಗೆ ಸ್ಥಾಪನೆಯಾದವು. ಮಾವ ಲಟ್ಟಣಿಗೆಯಿಂದ ಕುಟ್ಟಿದರು. ಮಕ್ಕಳಿಗೆ ಮಜಾ. ಎಲ್ಲ ತಮಾಷೆಯಾಗಿಯೇ ಮುಗಿಯಬೇಕಿತ್ತು. ಆದರೆ ರಾಯರಿಗೆ ಸಭೆಯ ನಗು ತಲೆಗೇರಿತ್ತು.

"ರೀ ವಕೀಲ್ರೇ, ಹನ್ನೊಂದು ತಿಂಗಳಲ್ಲಿ ಒಂದು ತೆಂಗಿನಮರಕ್ಕೆ ಹಿಯರಿಂಗ್ ಕೊಡ್ಸಕ್ಕಾಗ್ಲಿಲ್ಲ ನಿಮ್ ಕೈಲಿ. ಅಮೆರಿಕದ ಜಡ್ಜಿಗೆ ಕೊಡಿಸ್ತೀರಾ?"

ಬೇಸ್‌ಮೆಂಟಿಗೆ ಬೇಸ್‌ಮೆಂಟೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ? ಮಾವನ ಮುಖ ಮಾತ್ರ ಬಿಳಿಚಿಕೊಂಡಿತು. ಲಟ್ಟಣಿಗೆ ಕೆಳಗಿಟ್ಟು, ದನಿ ಏರಿಸದೆ ಹೇಳಿದರು:

"ನನ್ನ ತೆಂಗಿನಮರ ಇರ್ಲಿ ರಾಯರೇ. ನಿಮ್ಮ ಮಗ ಇಲ್ಲೇ ಡೌನ್‌ಟೌನಲ್ಲಿ ಇದ್ದಾನಲ್ಲ. ಎರಡು ವರ್ಷ ಆಯ್ತು. ಅವನೇ ನಿಮಗೆ ಒಂದು ಹಿಯರಿಂಗ್ ಕೊಡ್ಲಿಲ್ಲ. ಹಿಯರಿಂಗ್ ಅಂದ್ರೆ ಎಂತ ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು?"

ರಾಯರ ಒಬ್ಬನೇ ಮಗ ಅಪ್ಪನ ಜೊತೆ ಮಾತು ಬಿಟ್ಟಿದ್ದ. ಯಾಕೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯ ಯಾರೂ ಮಾಡಿರಲಿಲ್ಲ. ಪ್ರಾಣಸ್ನೇಹಿತನ ಹತ್ತಿರ ಮಾತ್ರ ಯಾವುದೋ ಒಂದು ಏಳು ಗಂಟೆಗೆ ರಾಯರು ಹೇಳಿಕೊಂಡಿದ್ದರಂತೆ. ಅದು ಈಗ ಹೀಗೆ, ಇಷ್ಟು ಜನರ ಎದುರು!

ರಾಯರ ಹೆಂಡತಿ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ರಾಯರು ಚಪ್ಪಲಿ ಹುಡುಕುತ್ತಾ ಮೆಟ್ಟಿಲು ಹತ್ತಿದರು. ಮಾವ "ರಾಯರೇ..." ಅಂದರು. ಬಾಗಿಲು ಹಾಕಿದ ಸದ್ದಾಯಿತು. ಹೋಗುವಾಗ ರಾಯರ ಹೆಂಡತಿ ತಾವು ತಂದ ಬಿಸಿಬೇಳೆಭಾತಿನ ಪಾತ್ರೆಯನ್ನು ಮರೆತು ಹೋದರು. ಅಷ್ಟು ರುಚಿಯಾದ ಬಿಸಿಬೇಳೆಭಾತನ್ನು ಅವತ್ತು ಯಾರೂ ಮುಟ್ಟಲಿಲ್ಲ.

ಮಾರನೇ ದಿನ ಏಳು ಗಂಟೆಗೆ ಫೋನು ಬರಲಿಲ್ಲ. ಮಾವ ಅವತ್ತೂ ಫೋನಿನ ಪಕ್ಕದ ಕುರ್ಚಿಯಲ್ಲೇ ಏಳೂ ಮುಕ್ಕಾಲಿನವರೆಗೆ ಕೂತಿದ್ದರಂತೆ. ಮಾಡಲೂ ಇಲ್ಲ, ಏಳಲೂ ಇಲ್ಲ. ಅತ್ತೆ ಹೇಳಿದ್ದು. ಮಾಡಿ ಕ್ಷಮೆ ಕೇಳಬಾರದಾ ಅಂದಿದ್ದಕ್ಕೆ, "ಎಂತ ಅಂತ ಕೇಳುದು? ಆ ಮಾತಿಗೆ ಕ್ಷಮೆ ಉಂಟಾ?" ಅಂದರಂತೆ. ಕೋರ್ಟೂ ಅವರೇ, ಆರೋಪಿಯೂ ಅವರೇ. ಶಿಕ್ಷೆ ಕೊಟ್ಟುಕೊಂಡವರೂ ಅವರೇ.

ವರ್ಷ ತಿರುಗಿತು. ಚುನಾವಣೆ ಆಯಿತು, ಅಧಿಕಾರ ಬದಲಾಯಿತು, ಆ ನ್ಯಾಯಾಧೀಶರಿಗೆ ಕರೆ ಬರಲೇ ಇಲ್ಲ. ಹೊಸ ಅಧ್ಯಕ್ಷರು ಬೇರೆ ಹೆಸರು ಕೊಟ್ಟರು. ಮಾವ ಬೇಸ್‌ಮೆಂಟಿನಲ್ಲಿ ನೋಟ್‌ಬುಕ್ ಇಟ್ಟುಕೊಂಡು ವಿಚಾರಣೆ ನೋಡಿದರು. ಸೆನೆಟರುಗಳಿಗೆ ಅಂಕ ಕೊಡುವುದು ಅವರ ಪದ್ಧತಿ. ಪ್ರಶ್ನೆಯ ಹೆಸರಲ್ಲಿ ಭಾಷಣ ಮಾಡಿದವರಿಗೆ ಸೊನ್ನೆ. ಹೀಗಾಗಿ ಹೆಚ್ಚಿನವರಿಗೆಲ್ಲ ಸೊನ್ನೆಯೇ! ಉತ್ತರದ ಬದಲು ನಗು ಕೊಟ್ಟ ಅಭ್ಯರ್ಥಿಗೆ "ನಗೆಗೆ ಐದು, ಉತ್ತರಕ್ಕೆ ಇಲ್ಲ" ಅಂತ ಷರಾ. ನಾನು ಹೋದಾಗಲೆಲ್ಲ ನೋಟ್‌ಬುಕ್ ತೋರಿಸುತ್ತಿದ್ದರು. ನಾನು "ಹೌದಾ ಮಾವ, ಸರಿ ಮಾವ" ಅನ್ನುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡಿ, ನಿಟ್ಟುಸಿರು ಬಿಟ್ಟು, "ನೀನು ಎಲ್ಲದಕ್ಕೂ ಹೌದು ಅಂತೀ. ನಿನ್ನ ಹತ್ರ ಮಾತಾಡುದು ಗೋಡೆಗೆ ಚೆಂಡು ಹೊಡೆದ ಹಾಗೆ ಸಹ ಅಲ್ಲ ಮಾರಾಯ್ತಿ. ಗೋಡೆಯಾದ್ರೆ ವಾಪಸ್ ಕೊಡ್ತದೆ" ಅಂದರು.

ಆ ವಸಂತದಲ್ಲೇ ಇನ್ನೊಂದು ನಡೆಯಿತು. ಮೊದಲು ಇಂಥ ನೇಮಕದ ಚರ್ಚೆ ನಿಲ್ಲಿಸಿ ಓಟಿಗೆ ಹೋಗಬೇಕಾದರೆ ನೂರರಲ್ಲಿ ಅರವತ್ತು ಸೆನೆಟರುಗಳು ಒಪ್ಪಬೇಕಿತ್ತು. ಅಷ್ಟು ಸಿಗುವುದಿಲ್ಲ ಅಂತ ಗೊತ್ತಾಗಿ, ಅರ್ಧಕ್ಕಿಂತ ಒಂದು ಹೆಚ್ಚಾದರೆ ಸಾಕು ಅಂತ ನಿಯಮವನ್ನೇ ಬದಲಾಯಿಸಿದರು. ಇದಕ್ಕೆ ಅಲ್ಲಿಯವರು ಹೇಳುವ ಹೆಸರು "ನ್ಯೂಕ್ಲಿಯರ್ ಆಪ್ಷನ್", ಅಂದರೆ ಅಣುಬಾಂಬಿನ ದಾರಿ. ಅದನ್ನು ಟಿವಿಯಲ್ಲಿ ಕೇಳಿದ್ದೇ ಮಾವ ಗಹಗಹಿಸಿ ನಕ್ಕರು. ಅಷ್ಟು ನಗುವುದನ್ನು ನಾನು ತಿಂಗಳುಗಟ್ಟಲೆಯಿಂದ ನೋಡಿರಲಿಲ್ಲ. "ನ್ಯೂಕ್ಲಿಯರ್ ಅಂತೆ! ಇಷ್ಟು ವರ್ಷ ಸ್ಥಾವರದಲ್ಲಿ ಕೂತು ಮಾಡ್ಲಿಕ್ಕಾಗದ್ದನ್ನು ಇವರು ಸೆನೆಟ್ಟಲ್ಲಿ ಕೂತು ಮಾಡಿದ್ರು ಅಂತ ರಾಯರಿಗೆ ಹೇಳ್ಬೇಕು..." ಅನ್ನುತ್ತಾ ಫೋನು ಎತ್ತಿದರು. ಮೂರು ಅಂಕೆ ಒತ್ತಿದರು. ನಿಂತರು. ಫೋನನ್ನು ಅದರ ಜಾಗದಲ್ಲಿ ಇಟ್ಟು, ಅದರ ವಯರಿನ ಗಂಟು ಬಿಡಿಸುತ್ತಾ ಕೂತರು. ಗಂಟು ಇರಲೇ ಇಲ್ಲ.

"ನನಗೆ ಹೇಳಿ ಮಾವ, ಆ ಜೋಕು" ಅಂದೆ.

"ನಿನಗೆ ಹೇಳಿದ್ರೆ ನಗ್ತೀ," ಅಂದರು. "ಅವರಾದ್ರೆ ತಿರುಗಿ ಒಂದು ಹೇಳ್ತಿದ್ರು."

ನಿಮಗೆ ಹೀಗೂ ಅನ್ನಿಸಬಹುದು: ಒಂದೇ ಮಹಾನಗರ, ಒಂದೇ ಕನ್ನಡದ ಬಳಗ, ಎಲ್ಲೂ ಎದುರಾಗಲೇ ಇಲ್ಲವೇ? ಆದರು. ಆ ನವೆಂಬರಿನಲ್ಲಿ ಮಿಸ್ಸಿಸಾಗದ ಒಂದು ಹಾಲ್‌ನಲ್ಲಿ ರಾಜ್ಯೋತ್ಸವ ಇತ್ತು. ರಾಯರು ಎಡಗಡೆಯ ಕೊನೆಯಲ್ಲಿ, ಮಾವ ಬಲಗಡೆಯ ಕೊನೆಯಲ್ಲಿ. ಊಟದ ಸಾಲಿನಲ್ಲಿ ಒಬ್ಬರು ಅನ್ನದ ಹತ್ತಿರ ಬಂದರೆ ಇನ್ನೊಬ್ಬರು ಉಪ್ಪಿನಕಾಯಿಗೆ ಹಿಂತಿರುಗುತ್ತಿದ್ದರು. ಭಾಷಣ ಮಾಡಲು ಬಂದವರೊಬ್ಬರು "ಕೊನೆಯದಾಗಿ ಎರಡೇ ಮಾತು" ಅಂದರು. ಹತ್ತು ನಿಮಿಷದ ಮೇಲೆ ಮತ್ತೆ "ಕೊನೆಯದಾಗಿ ಎರಡೇ ಮಾತು" ಅಂದರು. ಮೂರನೇ ಸಲ ಅಂದಾಗ ಇಡೀ ಸಭೆಯಲ್ಲಿ ಎರಡೇ ಎರಡು ನಗು ಕೇಳಿತು. ಒಂದು ಎಡಗಡೆಯ ಕೊನೆಯಿಂದ, ಒಂದು ಬಲಗಡೆಯ ಕೊನೆಯಿಂದ. ಕೂಡಲೇ ಎರಡೂ ನಿಂತವು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಮನೆಗೆ ಹೋಗುವಾಗ ಕಾರಿನಲ್ಲಿ ಒಂದೇ ಒಂದು ಮಾತಾಡಿದರು: "ರಾಯರು ಸ್ವಲ್ಪ ಇಳಿದಿದ್ದಾರೆ, ಅಲ್ವಾ?"

2018ರಲ್ಲಿ ಮೂರನೆಯ ಹೆಸರು ಬಂತು. ಅದರ ಗಲಾಟೆ ನಿಮಗೆ ನೆನಪಿರಬೇಕು. ಗ್ಯಾಲರಿಯಲ್ಲಿ ಕೂಗಾಟ, ಬೀದಿಯಲ್ಲಿ ಜನ, ಪಕ್ಷ ಪಕ್ಷಗಳ ನಡುವೆ ಬೆಂಕಿ. ಮಾವ ವೇರ್‌ಹೌಸಿಗೆ ರಜೆ ಹಾಕಿದರು. ಒಬ್ಬ ಹೆಂಗಸು ಬಂದು ಪ್ರಮಾಣ ಮಾಡಿ ಆ ಅಭ್ಯರ್ಥಿಯ ಮೇಲೆ ದೌರ್ಜನ್ಯದ ಆರೋಪ ಹೇಳಿದ ದಿನ ಅತ್ತೆಯೂ ಕೆಳಗೆ ಬಂದು ಕೂತಿದ್ದರು. ಆ ದಿನದ ಪುಟದಲ್ಲಿ ಮಾವ ಯಾರಿಗೂ ಅಂಕ ಹಾಕಲಿಲ್ಲ. ಷರಾ ಬರೆಯಲಿಲ್ಲ. ಅದು ನಗುವ ವಿಷಯವಲ್ಲ, ನಾನೂ ಇಲ್ಲಿ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕೊನೆಯ ಓಟು ಬಂದದ್ದು ನಮ್ಮ ಥ್ಯಾಂಕ್ಸ್‌ಗಿವಿಂಗ್ ರಜೆಯ ಶನಿವಾರ. ಅತ್ತೆಗೆ ಚಟ್ನಿಪುಡಿ ಕೊಡಲು ಬೆಳಗ್ಗೆ ಹೋಗಿದ್ದೆ. ಹೊರಗೆ ಒಳ್ಳೆಯ ಬಿಸಿಲು, ಮೇಪಲ್ ಮರಗಳೆಲ್ಲ ಕೆಂಪು. ಬೇಸ್‌ಮೆಂಟಿಗೆ ಇಳಿದರೆ ಮಾವ ಕತ್ತಲೆಯಲ್ಲಿ ಟಿವಿ ಮುಂದೆ. ಓಟು ಮಧ್ಯಾಹ್ನ, ಈಗಿನಿಂದಲೇ ಕೂತಿದ್ದಾರೆ.

ನನಗೆ ಸ್ವಲ್ಪ ಸಿಟ್ಟೇ ಬಂತು. "ಮಾವ, ಯಾರು ಹೇಗೆ ಓಟು ಹಾಕ್ತಾರೆ ಅಂತ ಆಗಲೇ ಎಲ್ಲರಿಗೂ ಗೊತ್ತು. ನಿಮ್ಮ ಕಡೆ ಸೋಲುತ್ತೆ ಅಂತಲೂ ಗೊತ್ತು. ಇಂಥಾ ಬಿಸಿಲು ಬಿಟ್ಟು ಯಾಕೆ ನೋಡ್ತೀರಿ ಇದನ್ನ?"

ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಈಗ ಅವರೂ ನೋಡ್ತಾ ಇರ್ತಾರೆ" ಅಂದರು.

"ಯಾರು?"

"ರಾಯರು. ಇದೇ ಚಾನೆಲ್ಲು. ಅವರು ಬೇರೆ ಹಾಕುದಿಲ್ಲ, ನನಗೆ ಗೊತ್ತುಂಟು. ಈಗ ಆ ಬಿಳಿ ಕೂದಲಿನವ ಎದ್ದು ನಿಂತ ಅಲ್ವಾ, ಅಲ್ಲಿ ಪಿಕರಿಂಗಲ್ಲಿ ಅವರು ಶಭಾಷ್ ಅಂತಾರೆ. ನಾನಿಲ್ಲಿ ಥೂ ಅಂತೇನೆ." ಮಡಿಲಲ್ಲಿದ್ದ ನೋಟ್‌ಬುಕ್ ಮುಚ್ಚಿದರು. "ಎರಡು ವರ್ಷದಲ್ಲಿ ನಾವಿಬ್ಬರು ಒಟ್ಟಿಗೆ ಮಾಡುದು ಅಂತ ಉಳಿದದ್ದು ಇದೊಂದೇ ಮಾರಾಯ್ತಿ."

ಅವರ ನೋಟ್‌ಬುಕ್, ಅಂಕಗಳು, ಷರಾಗಳು, ಎಲ್ಲ ನೋಡಿ ನಾನು ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದೆ.

"ಹೋಗಿ ಜೊತೆಯಲ್ಲೇ ಕೂತು ನೋಡಬಾರದಾ ಮಾವ?"

"ಅವರು ಕರೀಲಿಲ್ಲ."

"ಅವರು ಹೇಗೆ ಕರೀಬೇಕು?" ಅಂತ ಮೆಟ್ಟಿಲ ಮೇಲಿನಿಂದ ದನಿ ಬಂತು. ಅತ್ತೆ. ಅವರು ಯಾವಾಗ ಬಂದು ನಿಂತಿದ್ದರೋ! "ತಪ್ಪು ಮಾತು ಆಡಿದ್ದು ನೀವು, ಕರೀಬೇಕಾದ್ದು ಅವರಾ? ಅವರ ಹೆಂಡತಿ, ಆ ಪುಣ್ಯಾತ್ಗಿತ್ತಿ, ನನಗೆ ವಾರಕ್ಕೊಮ್ಮೆ ಫೋನ್ ಮಾಡ್ತಾಳೆ. ಅಲ್ಲಿ ಅವರ ಕಥೆಯೂ ಇದೇ ಅಂತೆ. ಟಿವಿಯಲ್ಲಿ ಏನಾದ್ರೂ ಆದ ಕೂಡ್ಲೇ 'ವಕೀಲ್ರು ಈಗ ಎಗರಿ ಬಿದ್ದಿರ್ತಾರೆ' ಅಂತ ಒಬ್ಬರೇ ನಗುದಂತೆ. ಆಮೇಲೆ ಸುಮ್ಮನೆ ಕೂರುದಂತೆ."

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ನೀನು ಎರಡು ವರ್ಷದಿಂದ ಮಾತಾಡ್ತಾ ಇದ್ದೀಯಾ? ನನಗೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ" ಅಂದರು ಅತ್ತೆ. "ಹೋಗಿ, ಅಂಗಿ ಬದ್ಲಿಸಿ."

ನಾನು ಕಾರು ತೆಗೆದೆ. ಅತ್ತೆಗೆ ಶಿಫ್ಟಿತ್ತು, ಬರಲಾಗಲಿಲ್ಲ. ಹೆದ್ದಾರಿ ನಾನೂರ ಒಂದರ ಮೇಲೆ ರಜೆಯ ಜನಜಾತ್ರೆ. ಮಾವ ಪಕ್ಕದಲ್ಲಿ ಕೂತು ಕ್ಷಮೆಯ ಭಾಷಣ ತಯಾರು ಮಾಡತೊಡಗಿದರು, ಥೇಟ್ ವಕೀಲರಂತೆ, ಅಂಶ ಅಂಶವಾಗಿ. ಮಿಸ್ಸಿಸಾಗ ದಾಟುವಾಗ ಏಳು ಅಂಶಗಳಿದ್ದವು. ಟೊರಾಂಟೊದ ಯಂಗ್ ಸ್ಟ್ರೀಟ್ ಹತ್ತಿರ ಬರುವಾಗ "ಮೂರನೆಯದು ಮತ್ತು ಐದನೆಯದು ಒಂದೇ ಆಗ್ತದೆ, ಅಲ್ವಾ?" ಅಂತ ಒಂದೊಂದೇ ಸೇರಿಸುತ್ತಾ ನಾಲ್ಕಕ್ಕೆ ಇಳಿಸಿದರು. ಸ್ಕಾರ್‌ಬರೊದಲ್ಲಿ ಎರಡು. ಪಿಕರಿಂಗ್‌ನ ಎಕ್ಸಿಟ್ ಬಂದಾಗ "ತಿರುಗಿಸು, ವಾಪಸ್ ಹೋಗುವ. ಇನ್ನೊಂದು ದಿನ ನೋಡುವ" ಅಂದರು.

"ಅಡ್ಜರ್ನ್‌ಮೆಂಟ್ ಇಲ್ಲ ಮಾವ" ಅಂದೆ. ಮದುವೆಯಾದಾಗಿನಿಂದ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರು ನನ್ನನ್ನು ಅಚ್ಚರಿಯಿಂದ ನೋಡಿ ಅಂಗಿಯ ಕಾಲರು ಸರಿಮಾಡಿಕೊಂಡರು.

ಬಾಗಿಲು ತೆಗೆದವರು ರಾಯರೇ. ನಿಜಕ್ಕೂ ಇಳಿದಿದ್ದರು, ಅಂಗಿ ಭುಜದಲ್ಲಿ ಸಡಿಲವಾಗಿತ್ತು. ಮಾವನನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಮಾವನನ್ನು ನೋಡಿದರು. ಒಳಗೆ ಟಿವಿ ಜೋರಾಗಿ ಮಾತಾಡುತ್ತಿತ್ತು. ಅದೇ ಚಾನೆಲ್ಲು.

"ರಾಯರೇ, ಅವತ್ತು ನಾನು..." ಅಂತ ಮಾವ ಶುರುಮಾಡಿದರು.

"ಶ್! ಒಳಗೆ ಬನ್ರೀ, ಹೆಸರು ಕೂಗೋಕೆ ಶುರು ಮಾಡ್ತಿದಾರೆ" ಅಂದರು ರಾಯರು.

ಸೋಫಾದ ಒಂದು ತುದಿಯಲ್ಲಿ ರಾಯರು, ಇನ್ನೊಂದು ತುದಿಯಲ್ಲಿ ಮಾವ. ನಾನೂ ರಾಯರ ಹೆಂಡತಿಯೂ ಅಡುಗೆಮನೆಯ ಬಾಗಿಲಲ್ಲಿ ನಿಂತೆವು. ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಟಿವಿಯಲ್ಲಿ ಒಂದೊಂದೇ ಸೆನೆಟರಿನ ಹೆಸರು ಕೂಗುತ್ತಿದ್ದರು. ಗ್ಯಾಲರಿಯಲ್ಲಿ ಜನ ಕಿರುಚುತ್ತಿದ್ದರು, ಅವರನ್ನು ಎಳೆದು ಹೊರಗೆ ಹಾಕುತ್ತಿದ್ದರು. ಸೋಫಾದ ಮೇಲೆ ಮಾತ್ರ ಸದ್ದಿಲ್ಲ. ಶಭಾಷ್ ಇಲ್ಲ, ಥೂ ಇಲ್ಲ. ಇಬ್ಬರೂ ಬೆನ್ನು ನೆಟ್ಟಗೆ ಮಾಡಿ, ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಕೂತಿದ್ದರು.

ಎಣಿಕೆ ಮುಗಿಯಿತು. ರಾಯರ ಕಡೆ ಗೆದ್ದಿತು, ಮಾವನ ಕಡೆ ಸೋತಿತು. ರಾಯರು ಗೆದ್ದವರ ಹಾಗೆ ಕಾಣಲಿಲ್ಲ. ಟಿವಿಯನ್ನೇ ನೋಡುತ್ತಾ ಹೇಳಿದರು:

"ನಮ್ ಹುಡ್ಗ ಇನ್ನೂ ಬಂದಿಲ್ಲ ವಕೀಲ್ರೇ."

ಮಾವ ತಲೆ ತಗ್ಗಿಸಿದರು. ಕೊನೆಗೆ ಉಳಿದಿದ್ದ ಎರಡು ಅಂಶಗಳೂ ಎಲ್ಲೋ ಹೋಗಿದ್ದವು. ಎದ್ದು ಸೋಫಾದ ಆ ತುದಿಗೆ ಹೋಗಿ, ರಾಯರ ಪಕ್ಕದಲ್ಲೇ ಕೂತು, ಅವರ ಮಂಡಿಯ ಮೇಲೆ ಕೈಯಿಟ್ಟರು.

"ನೀವಾದ್ರೂ ಬಂದ್ರಲ್ಲ" ಅಂದರು ರಾಯರು.

ಟಿವಿಯಲ್ಲಿ ಜಾಹೀರಾತು ಬಂತು, ಇನ್ನೊಂದು ಬಂತು. ರಾಯರು ಕಣ್ಣೊರೆಸಿಕೊಂಡು ರಿಮೋಟು ಎತ್ತಿಕೊಂಡರು. "ಮುಗೀತಲ್ಲ, ಆಫ್ ಮಾಡ್ಲಾ?"

"ಬೇಡ ಬೇಡ," ಅಂದರು ಮಾವ ಗಾಬರಿಯಿಂದ. "ಇರ್ಲಿ. ಇನ್ನೊಂದು ಸಲ ತೋರಿಸ್ತಾರೆ, ನೋಡುವ."

ರಾಯರು ರಿಮೋಟು ಕೆಳಗಿಟ್ಟರು.